ಸಣ್ಣ ಪೈಪು, ದಪ್ಪ ಪೈಪು

ಯಾರಾದರೂ ಕೌಂಟರಿನ ಮೇಲೆ ಕೈ ಊರಿ "ಜೀಪಿನ ಆಯಿಲ್ ಫಿಲ್ಟರ್ ಒಂದು ಕೊಡಿ" ಅಂದರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಯಾವ ಜೀಪು ಮಾರಾಯ್ರೆ? ಆಗ ಪುತ್ತೂರು, ಸುಳ್ಯ, ಕಡಬದ ಕಡೆ ಓಡಾಡುತ್ತಿದ್ದ ಜೀಪುಗಳು ಹೊರಗಿನಿಂದ ಮಾತ್ರ ಜೀಪುಗಳು. ಬಾನೆಟ್ ಎತ್ತಿದರೆ ಒಂದರೊಳಗೆ ಹುಟ್ಟಿದಾಗಿನ ಪೆಟ್ರೋಲ್ ಎಂಜಿನ್, ಇನ್ನೊಂದರೊಳಗೆ ಗುಜರಿಗೆ ಬಿದ್ದ ವ್ಯಾನಿನಿಂದ ಕಳಚಿ ತಂದ ಡೀಸೆಲ್ ಎಂಜಿನ್, ಮತ್ತೊಂದರೊಳಗೆ ಏನಿದೆ ಎಂದು ಅದರ ಮಾಲೀಕನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಕೇಳಿದರೆ "ಎಂಜಿನ್ ಎಂಜಿನೇ ಅಲ್ವಾ ಅಕ್ಕಾ, ನೀವು ಕೊಡಿ" ಅನ್ನುವವರು. "ಹಾಗಾದರೆ ಹೆಂಡತಿಗೆ ಚಪ್ಪಲಿ ತೆಗೆಯುವಾಗಲೂ ಕಾಲು ಕಾಲೇ ಅಲ್ವಾ ಅಂತ ಹೇಳ್ತೀರಾ?" ಎಂದು ನಾನು ತಿರುಗಿ ಕೇಳುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಪೇಟೆಗೆಲ್ಲ ಗೊತ್ತಿತ್ತು. ಇರಲಿ. ಒಂದು ಮಧ್ಯಾಹ್ನ ಒಬ್ಬ ಹೆಂಗಸಿನ ಕಣ್ಣುಗಳು ಇದೇ ಪ್ರಶ್ನೆಯ ಉತ್ತರದ ಮೇಲೆ ನಿಂತಿದ್ದವು. ಅದನ್ನು ನೆನೆದರೆ ನನ್ನ ಸಿಟ್ಟಿಗೆ ನಾನು ಇವತ್ತಿಗೂ ಕ್ಷಮೆ ಕೇಳುವುದಿಲ್ಲ.

ಅಂಗಡಿ ಅಪ್ಪನದ್ದು. ಅಪ್ಪ ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದವರು. ಬೆನ್ನು ಕೈಕೊಟ್ಟ ಮೇಲೆ ಪುತ್ತೂರು ಪೇಟೆಯಲ್ಲಿ ಒಂದು ಅಕ್ಕಿ ಅಂಗಡಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಎಲ್ಲರ ಜೊತೆ ಜಗಳ ಆಡಿಕೊಂಡಿದ್ದ ನನ್ನನ್ನು, "ಬಾ, ನಿನಗೆ ಜಗಳ ಮಾಡ್ಲಿಕ್ಕೆ ಒಂದು ಸರಿಯಾದ ಜಾಗ ಉಂಟು" ಎಂದು ಕರೆದುಕೊಂಡು ಹೋಗಿ ಕೌಂಟರಿನಲ್ಲಿ ಕೂರಿಸಿದರು. ಹಿಂದಿನ ಕೋಣೆಯಲ್ಲಿ ಹಳೆಯ ಫಿಲ್ಟರ್ ಡಬ್ಬಗಳನ್ನು ಸಾಲಾಗಿ ತೂಗುಹಾಕಿದ್ದರು. ಕಾರಿನವು, ಲಾರಿಯವು, ಜೀಪಿನವು. ಒಂದೊಂದನ್ನೇ ಕೈಗೆ ಕೊಟ್ಟು ಯಾವ ಎಂಜಿನ್ನಿನದು ಹೇಳು ಅನ್ನುವರು. ತಪ್ಪು ಹೇಳಿದರೆ ಮಧ್ಯಾಹ್ನದ ಚಾ ಇಲ್ಲ.

ಅವರು ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ. "ಎಂಜಿನ್ ಯಾವುದು ಅಂತ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಪೈಪು ಎಷ್ಟು ದಪ್ಪ ಅಂತ ಕೇಳು." ಹಳೆಯ ಪೆಟ್ರೋಲ್ ಜೀಪಿನಲ್ಲಿ, ಹಳೆಯ ಲಾರಿಗಳಲ್ಲಿ, ಎಣ್ಣೆಯ ಒಂದು ಸಣ್ಣ ಪಾಲು ಮಾತ್ರ ಫಿಲ್ಟರಿಗೆ ಹೋಗುತ್ತದೆ, ಅಲ್ಲಿ ಸೋಸಿಕೊಂಡು ಕೆಳಗೆ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಬೀಳುತ್ತದೆ. ಉಳಿದ ಎಣ್ಣೆಯೆಲ್ಲ ನೇರವಾಗಿ ಎಂಜಿನ್ನಿನ ಬೇರಿಂಗುಗಳಿಗೆ. ಆ ಫಿಲ್ಟರಿನ ಪೈಪು ತಾಮ್ರದ್ದು, ಪೆನ್ಸಿಲಿನಷ್ಟು ಸಣ್ಣ. ಅದು ಸೋರಿದರೆ ದಾರಿಯಲ್ಲಿ ಪೈಪಿಗೆ ಒಂದು ಮರದ ಬೆಣೆ ಬಡಿದು ಮುಚ್ಚಿ ಹೋಗಬಹುದು. ಫಿಲ್ಟರ್ ಇಲ್ಲದೆಯೂ ಎಂಜಿನ್ ತಿಂಗಳುಗಟ್ಟಲೆ ಓಡುತ್ತದೆ. ನಮ್ಮ ಕಡೆಯ ಡ್ರೈವರುಗಳ ಟೂಲ್ ಚೀಲದಲ್ಲಿ ಸ್ಪ್ಯಾನರ್ ಇಲ್ಲದಿದ್ದರೂ ಅಡಿಕೆ ಮರದ ಬೆಣೆ ಇರುತ್ತಿತ್ತು.

ಆದರೆ ಆಮೇಲಿನ ಎಂಜಿನ್ನುಗಳಲ್ಲಿ ಎಣ್ಣೆ ಅಷ್ಟೂ ಮೊದಲು ಫಿಲ್ಟರಿಗೇ ಹೋಗಬೇಕು, ಫಿಲ್ಟರಿನಿಂದ ಹೊರಗೆ ಬಂದ ಮೇಲೆಯೇ ಬೇರಿಂಗಿಗೆ. ಅದಕ್ಕೆ ಪೈಪು ಇದ್ದರೆ ದಪ್ಪ ಪೈಪು. ಅಲ್ಲಿ ಬೆಣೆ ಬಡಿದರೆ ಎಂಜಿನ್ನಿನ ಗಂಟಲು ಹಿಸುಕಿದ ಹಾಗೆ. ಒಂದು ತೊಟ್ಟು ಎಣ್ಣೆಯೂ ಮೇಲೆ ಹೋಗುವುದಿಲ್ಲ, ಸ್ವಲ್ಪ ದೂರದಲ್ಲೇ ಎಂಜಿನ್ ಬಿಗಿದು ನಿಲ್ಲುತ್ತದೆ. ಅದು ಸೋರಿದರೆ ಮಾಡಬೇಕಾದ್ದು ಬೇರೆ: ಎರಡು ಪೈಪುಗಳನ್ನೂ ಫಿಲ್ಟರಿನಿಂದ ಬಿಡಿಸಿ ಒಂದಕ್ಕೊಂದು ಸೇರಿಸಿ ಕಟ್ಟಬೇಕು. ಸಣ್ಣ ಪೈಪಿನದ್ದನ್ನು ಹೀಗೆ ಸೇರಿಸಿದರೂ ಹಾಳೇ, ಎಣ್ಣೆಯೆಲ್ಲ ಸುಲಭದ ದಾರಿ ಹಿಡಿದು ಚೇಂಬರಿಗೆ ಇಳಿದುಬಿಡುತ್ತದೆ. ಹಾಗಾಗಿ ಎರಡಕ್ಕೂ ಸಲ್ಲುವ ಒಂದು ಉತ್ತರ ಇಲ್ಲ. ನೋಡಿಯೇ ಹೇಳಬೇಕು.

ನೋಡುವುದಕ್ಕೂ ಒಂದು ತೊಡಕಿತ್ತು. ಪೆಟ್ರೋಲಿನ ಖರ್ಚು ಪೂರೈಸದವರು ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಆ ಎಂಜಿನ್ನಿನ ಫಿಲ್ಟರ್ ಇರುವ ಜಾಗಕ್ಕೆ ಜೀಪಿನ ಸ್ಟೇರಿಂಗ್ ಬಾಕ್ಸ್ ಅಡ್ಡ ಬರುತ್ತದೆ. ನಮ್ಮ ವರ್ಕ್‌ಶಾಪಿನವರು ಅದಕ್ಕೆಲ್ಲ ಹೆದರುವ ಜನವಾ? ಫಿಲ್ಟರ್ ಬಿಚ್ಚಿ, ಎರಡು ರಬ್ಬರ್ ಪೈಪು ಎಳೆದು, ಸಿಕ್ಕಿದಲ್ಲಿ ಬೋಲ್ಟ್ ಹಾಕಿ ಕೂರಿಸಿಬಿಡುತ್ತಿದ್ದರು. ಈಗ ಅದು ನೋಡಲಿಕ್ಕೆ ಹಳೆಯ ಪೆಟ್ರೋಲ್ ಜೀಪಿನ ಡಬ್ಬದ ಹಾಗೆಯೇ ಕಾಣುತ್ತದೆ. ಡಬ್ಬ ಒಂದು, ಪೈಪು ಎರಡು. ಇದೆಲ್ಲ ಆದ ಮೇಲೂ ಆರ್‌ಸಿ ಪುಸ್ತಕದಲ್ಲಿ ಮಾತ್ರ ಪೆಟ್ರೋಲ್ ಎಂದೇ ಇರುತ್ತಿತ್ತು. ಬದಲಾಯಿಸಿ ಬರೆಸಲಿಕ್ಕೆ ಯಾರೂ ಹೋಗುತ್ತಿರಲಿಲ್ಲ. ಹಾಗಾಗಿ ಕೇಳಿದವರಿಗೆಲ್ಲ "ಪೆಟ್ರೋಲ್, ಪೆಟ್ರೋಲ್" ಎಂದು ಹೇಳಿ ಹೇಳಿ ಅವರಿಗೆ ಅದು ಬಾಯಿಪಾಠವಾಗಿತ್ತು.

ಆ ದಿನ ವಿಪರೀತ ಸೆಕೆ. ಅಪ್ಪ ಸಾಮಾನು ತರಲು ಮಂಗಳೂರಿಗೆ ಹೋಗಿದ್ದರು. ಕರೆಂಟ್ ಇಲ್ಲ, ಫ್ಯಾನ್ ಇಲ್ಲ. ನಾನು ರಟ್ಟಿನ ತುಂಡಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಾಗ ಫೋನು ಬಡಿದುಕೊಂಡಿತು. ಎಕ್ಸ್‌ಚೇಂಜಿನ ಆಪರೇಟರ್, "ಆಲಂಕಾರಿನಿಂದ ಕಾಲ್, ಮಾತಾಡಿ" ಎಂದ.

ಮೊದಲು ಮಾತಾಡಿದವರು ಆಲಂಕಾರಿನ ಒಬ್ಬ ಜಿನಸು ಅಂಗಡಿಯವರು. ಉಸಿರು ಬಿಡದೆ ಹೇಳಿದರು. ಕಡಬದ ಆಚೆ ಗುಡ್ಡದಲ್ಲಿ ರಬ್ಬರ್ ಹಾಕಿದ, ಕೇರಳದಿಂದ ಬಂದ ಒಬ್ಬರು ತಮ್ಮ ಜೀಪಿನಲ್ಲಿ ಹೆಂಡತಿಯನ್ನು ಪುತ್ತೂರಿನ ಆಸ್ಪತ್ರೆಗೆ ತರುತ್ತಿದ್ದಾರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡನ್ನು ಕ್ಯಾನಿನಿಂದ ಸುರಿಯುವಾಗ ಅದು ಆಕೆಯ ಕಣ್ಣಿಗೆ ಹಾರಿದೆ. ಎರಡು ಕಣ್ಣಿಗೂ. ಇಲ್ಲಿ ಆಲಂಕಾರು ಪೇಟೆಗೆ ಬರುವಾಗ ಜೀಪಿನ ಆಯಿಲ್ ಫಿಲ್ಟರ್ ಒಡೆದು ಎಣ್ಣೆಯೆಲ್ಲ ಒಳಗೇ ಚೆಲ್ಲಿದೆ. ಬಸ್ ಆಗಷ್ಟೇ ಹೋಗಿದೆ, ಇಲ್ಲಿಯ ಇನ್ನೊಂದು ಜೀಪು ಬಾಡಿಗೆಗೆ ಸುಬ್ರಹ್ಮಣ್ಯದ ಕಡೆ ಹೋಗಿದೆ.

"ಇಲ್ಲಿ ಸೇರಿದವರೆಲ್ಲ ಬೆಣೆ ಬಡಿದು ಹೋಗು ಅಂತಾರೆ, ಒಬ್ಬ ಮಾತ್ರ ಬೇಡ ಅಂತಾನೆ. ಫಿಲ್ಟರ್ ನಿಮ್ಮಲ್ಲಿಂದಲೇ ತಂದದ್ದಂತೆ. ನೀವೇ ಹೇಳಿ ಅಕ್ಕಾ, ಎಂತ ಮಾಡುದು?"

ನನ್ನ ಕೈಯಲ್ಲಿದ್ದ ರಟ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ. "ಆಕೆಯ ಕಣ್ಣಿಗೆ ನೀರು ಹಾಕ್ತಾ ಇದ್ದೀರಾ?" ಎಂದು ಕೇಳಿದೆ.

"ನನ್ನ ಹೆಂಡತಿ ಜಗಲಿಯಲ್ಲಿ ಕೂರಿಸಿ ಚೊಂಬಿನಲ್ಲಿ ಹೊಯ್ತಾ ಇದ್ದಾಳೆ."

"ನಿಲ್ಲಿಸಬೇಡಿ. ಜೀಪಿನವರಿಗೆ ಫೋನು ಕೊಡಿ."

ಆತ ಬಂದ. ಮಾತಾಡುವ ಮೊದಲೇ ಏದುಸಿರು ಕೇಳಿಸಿತು. ನಾನು ಅಪ್ಪ ಹೇಳಿದ್ದನ್ನೂ ಮರೆತು ಮೊದಲು ಎಂಜಿನ್ನನ್ನೇ ಕೇಳಿದೆ.

"ಪೆಟ್ರೋಲ್" ಎಂದ. ನನ್ನ ಪ್ರಶ್ನೆ ಮುಗಿಯುವ ಮೊದಲೇ ಹೇಳಿದ. "ಪೆಟ್ರೋಲ್ ಜೀಪು ಚೇಚಿ. ಹಳೇ ಎಂಜಿನ್." ಅವರ ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ.

"ಫಿಲ್ಟರ್ ಎಲ್ಲಿ ಉಂಟು?"

"ಒಳಗೆ. ಡ್ಯಾಶ್‌ಬೋರ್ಡಿನ ಕೆಳಗೆ."

ನನಗೆ ಅಲ್ಲೇ ಎಲ್ಲೋ ಚುಚ್ಚಿತು. ಪೆಟ್ರೋಲ್ ಜೀಪಿನ ಫಿಲ್ಟರ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ, ಒಳಗೆ ಕಾಲಿನ ಹತ್ತಿರ ಅದಕ್ಕೆಂತ ಕೆಲಸ? ಆದರೆ ಸುಳ್ಯದ ಕಡೆ ಒಬ್ಬರು ಪೆಟ್ರೋಲ್ ಜೀಪಿನದ್ದನ್ನೂ ಹಾಗೆ ಒಳಗೆ ತಂದು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಜಾಗ ನೋಡಿ ಹೇಳುವ ಹಾಗಿರಲಿಲ್ಲ.

"ಪೈಪು ಸಣ್ಣದಾ, ದಪ್ಪವಾ?"

"ಸಣ್ಣದು."

"ಕೈಯಲ್ಲಿ ಹಿಡಿದು ನೋಡಿದ್ರಾ?"

"ನೋಡಿದೆ, ನೋಡಿದೆ. ಬೇಗ ಹೇಳಿ ಚೇಚಿ, ಬೆಣೆ ಹೊಡೆಯುದಾ ಬೇಡವಾ?"

ಆತ ಹೇಳಿದ್ದು ನಿಜವಾದರೆ ಉತ್ತರ ಒಂದೇ ಮಾತು: ಹೊಡಿ, ಹೊರಡು. ನಾನು ಸುಮ್ಮನೆ ಅನುಮಾನ ಮಾಡುತ್ತಾ ಕೂತರೆ ಆ ಹೊತ್ತೆಲ್ಲ ಆಕೆಯ ಕಣ್ಣಿನಿಂದ ಕಳೆಯುವುದು. ಸುಳ್ಳಾದರೆ, ಉಪ್ಪಿನಂಗಡಿ ಮುಟ್ಟುವ ಮೊದಲೇ ಎಂಜಿನ್ ಬಿಗಿದು, ಅತ್ತ ಇತ್ತ ಮನೆಯೂ ಇಲ್ಲದ ರಸ್ತೆಯಲ್ಲಿ, ನೀರು ಹೊಯ್ಯುವವರೂ ಇಲ್ಲದೆ ಆಕೆ ಕೂತಿರಬೇಕು. "ಹೊಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಯಾಕಾದರೂ ಇವತ್ತೇ ಮಂಗಳೂರಿಗೆ ಹೋದರೋ ಎಂದು ಅವರ ಮೇಲೂ ಕೋಪ ಬಂತು.

ಆತ ಯಾಕೆ ಸುಳ್ಳು ಹೇಳುತ್ತಿರಬಹುದು ಎಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಎಕ್ಸ್‌ಚೇಂಜಿನವರು ಕಿವಿ ಇಟ್ಟಿರುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು. ಮಗಳ ಸಂಬಂಧದ ಮಾತು, ಜಾಗದ ಜಗಳದ ಮಾತು ಯಾರೂ ಫೋನಿನಲ್ಲಿ ಆಡುತ್ತಿರಲಿಲ್ಲ. ಹಾಗಿರುವಾಗ, ಆರ್‌ಸಿಯಲ್ಲಿಲ್ಲದ ಎಂಜಿನ್ನಿನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ನಾಳೆ ಇನ್ಸ್‌ಪೆಕ್ಟರ್ ಬಂದು ಜೀಪು ಎಳೆದುಕೊಂಡು ಹೋದರೆ? ಬೇರೆ ಯಾರನ್ನಾದರೂ ಕಳಿಸಿ ಪೈಪು ನೋಡಿಸೋಣವೆಂದರೆ ಅವರು ತಿರುಗಿ ಬರುವಷ್ಟರಲ್ಲಿ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಿರುತ್ತಿತ್ತು.

"ನೋಡಿ," ಎಂದೆ. "ನೀವು ಹೇಳಿದ್ದು ಸುಳ್ಳಾದ್ರೆ ದಾರಿಯಲ್ಲಿ ಎಂಜಿನ್ ಜಾಮ್ ಆಗ್ತದೆ. ಹೋಗುದು ಎಂಜಿನ್ ಮಾತ್ರ ಅಲ್ಲ, ಅವರ ಕಣ್ಣೂ. ಒಂದೇ ಸಲ ಕೇಳ್ತೇನೆ. ಎಂಜಿನ್ ಯಾವುದು?"

ಆತ ಬಾಯಿಗೆ ಕೈ ಅಡ್ಡ ಇಟ್ಟವನ ಹಾಗೆ ಮೆಲ್ಲಗೆ, "ಚೇಚಿ, ಫೋನಿನಲ್ಲಿ ಎಂತ ಅಂತ ಹೇಳುದು... ಪೆಟ್ರೋಲೇ ಅಂತ ಇಟ್ಕೊಳ್ಳಿ" ಎಂದ.

ಇಟ್ಟುಕೊಳ್ಳುವುದಂತೆ! ಮಂಡೆ ಸರಿ ಉಂಟಾ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಡುವೆ ಆಪರೇಟರ್ ದನಿ ಬಂತು, "ಟೈಮ್ ಆಯ್ತು." "ಕಟ್ ಮಾಡಿದ್ರೆ ಜಾಗ್ರತೆ!" ಎಂದು ಕಿರುಚಿದೆ. ಪಕ್ಕದ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಬಗ್ಗಿ ನೋಡಿದ.

ಆಗ ಆಲಂಕಾರಿನ ಕಡೆಯಿಂದ ಏನೋ ಬಿದ್ದ ಸದ್ದು. ಚೊಂಬು ಇರಬೇಕು. ಯಾರೋ "ಅಯ್ಯೋ, ಹಿಡೀರಿ, ಹಿಡೀರಿ" ಎಂದರು. ಒಂದು ಹೆಣ್ಣುದನಿ ಹತ್ತಿರ ಹತ್ತಿರ ಬರುವುದು ನನಗೆ ಇಲ್ಲಿಗೇ ಕೇಳಿಸಿತು.

"ಎನ್ಟೆ ದೈವಮೇ! ಆ ಫೋನು ಇಲ್ಲಿ ಕೊಡಿ!"

ಮತ್ತೆ ನನ್ನ ಕಿವಿಗೇ ಆ ದನಿ. ನೋವಿಗೆ ಹಲ್ಲು ಕಚ್ಚಿ ಆಡಿದ ಮಾತು. "ಚೇಚೀ, ಡೀಸೆಲ್. ಡೀಸೆಲ್ ಎಂಜಿನ್ ಹಾಕಿದ್ದು. ಇವರು ಹೆದರಿ ಸುಳ್ಳು ಹೇಳುದು. ಆ ಡಬ್ಬ ನನ್ನ ಕಾಲಿನ ಹತ್ತಿರವೇ ಉಂಟು, ಪ್ರತಿ ಸಲ ಹೋಗುವಾಗ ನನ್ನ ಕಾಲು ಸುಡ್ತದೆ. ಎರಡು ರಬ್ಬರ್ ಪೈಪು ಬರ್ತದೆ ಅದಕ್ಕೆ."

"ಎಷ್ಟು ದಪ್ಪ?"

"ನನ್ನ ಹೆಬ್ಬೆರಳಿನಷ್ಟು. ಜಾಸ್ತಿಯೇ ಉಂಟು. ಯಾರು ಬೇಕಾದ್ರೂ ಕೇಳಲಿ, ಹಿಡ್ಕೊಂಡು ಹೋಗಲಿ ಜೀಪನ್ನು. ನನ್ನ ಕಣ್ಣು ಉರೀತಾ ಉಂಟು ಚೇಚೀ."

ನನಗೆ ಅಳು ಬಂತು. ಅಳುತ್ತಲೇ ಕೂಗಿದೆ, ಅಂಗಡಿಯವರಿಗೆ ಫೋನು ಕೊಡಿ ಎಂದು. ಅವರ ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಸಾಮಾನು ಉಂಟೇ ಎಂದು ಕೇಳಿದೆ. ಉಂಟು ಎಂದರು. ಪೈಪಿನೊಳಗೆ ಬಿಗಿಯಾಗಿ ಕೂರುವ ಕಬ್ಬಿಣದ ಕೊಳವೆ ತುಂಡು ಹುಡುಕಿ, ಎರಡೂ ರಬ್ಬರ್ ಪೈಪನ್ನು ಡಬ್ಬದಿಂದ ಎಳೆದು ಆ ತುಂಡಿಗೆ ಎರಡು ಕಡೆಯಿಂದ ತೊಡಿಸಿ, ಮೇಲಿಂದ ತಂತಿ ಸುತ್ತಿ ಇಕ್ಕಳದಲ್ಲಿ ಬಿಗಿಯಬೇಕು. ಪಂಪ್‌ಸೆಟ್ಟಿಗೆ ಹಾಕುವ ಎಂಜಿನ್ ಎಣ್ಣೆಯನ್ನೇ ತುಂಬಿಸಬೇಕು. ಬೆಣೆ ಯಾರ ಕೈಯಲ್ಲಾದರೂ ಇದ್ದರೆ ಮೊದಲು ಅದನ್ನು ತೋಡಿಗೆ ಎಸೆಯಬೇಕು. "ಬೆಣೆ ಬಡಿದ್ರೆ ನಾನೇ ಬಂದು ನಿಮ್ಮೆಲ್ಲರ ಮಂಡೆಗೆ ಬಡಿಯುದು, ಗೊತ್ತಾಯ್ತಾ?" ಎಂದೆ. "ಆಯ್ತು ಅಕ್ಕಾ, ಆಯ್ತು" ಎನ್ನುತ್ತಾ ಅವರು ಫೋನಿಟ್ಟರು.

ನಾನು ಫೋನಿಡಲು ಮರೆತಿದ್ದೆ. ಆ ಕಡೆಯಿಂದ ಆಪರೇಟರ್ ಮೆಲ್ಲಗೆ ಕೇಳಿದ, "ಆಸ್ಪತ್ರೆಗೆ ಲೈನ್ ಕೊಡುದಾ ಅಕ್ಕಾ? ಕಣ್ಣಿಗೆ ಆಸಿಡ್ ಬಿದ್ದವರು ಬರ್ತಾರೆ ಅಂತ ಹೇಳಿಬಿಡಿ." ಕೊಡಿ ಎಂದೆ. "ಮತ್ತೆ, ಎಂಜಿನ್ನಿನ ವಿಷಯ ನಾನೆಂತದೂ ಕೇಳ್ಲಿಲ್ಲ, ಆಯ್ತಾ" ಎಂದು ಹೇಳಿ ಲೈನ್ ಕೊಟ್ಟ. ಅಂದರೆ ಮೊದಲಿನಿಂದ ಕೊನೆಯವರೆಗೆ ಕೇಳಿದ್ದಾನೆ! ಟೈಮ್ ಆದ ಮೇಲೂ ಕಟ್ ಮಾಡದೆ ಹಿಡಿದುಕೊಂಡಿದ್ದವನೂ ಅವನೇ.

ಆಮೇಲೆ ಕಾಯುವುದು. ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಕೂರಲು ಆಗದು, ನಿಲ್ಲಲು ಆಗದು. ಹೊಸ ಡಬ್ಬ, ಹೊಸ ರಬ್ಬರ್ ರಿಂಗ್ ತೆಗೆದು ಕೌಂಟರಿನ ಮೇಲೆ ಇಟ್ಟೆ. ಕಬಕದಿಂದ ಬಂದ ಒಬ್ಬ ಲಾರಿಯವ ಫ್ಯಾನ್ ಬೆಲ್ಟ್ ಕೇಳಿದಾಗ ಅವನ ಮುಖಕ್ಕೆ ಬ್ರೇಕ್ ಎಣ್ಣೆ ಹಿಡಿದೆ. ತಂತಿ ಸರಿಯಾಗಿ ಬಿಗಿದಿರಬಹುದಾ? ಕೊಳವೆ ಸಡಿಲವಾಗಿ ಬಿಚ್ಚಿಹೋದರೆ? ಆ ಗಂಡ ದಾರಿಯಲ್ಲಿ ಹೆದರಿ ಮತ್ತೆ ಏನಾದರೂ ಮಾಡಿದರೆ? ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದಾಗೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಪೆಟ್ರೋಲ್ ಜೀಪು ಒಂದು ಹೋಯಿತು, ಇನ್ನೊಂದು ಹೋಯಿತು. ಸದ್ದಿನಲ್ಲೇ ಗೊತ್ತಾಗುತ್ತದೆ.

ಕೊನೆಗೆ ಪೇಟೆಯ ಆ ತುದಿಯಿಂದ ಡೀಸೆಲ್ಲಿನ ಗಡಗಡ ಕೇಳಿಸಿತು. ನಾನು ಅಂಗಡಿ ಬಿಟ್ಟು ರಸ್ತೆಗೆ ಓಡಿದೆ. ಹಾರ್ನ್ ಒತ್ತಿ ಹಿಡಿದುಕೊಂಡೇ ಜೀಪು ನನ್ನೆದುರು ಹಾದು ಆಸ್ಪತ್ರೆಯ ಕಡೆ ತಿರುಗಿತು. ಹಿಂದೆ ಜಿನಸು ಅಂಗಡಿಯವರ ಹೆಂಡತಿ ಕೊಡಪಾನ ತಬ್ಬಿಕೊಂಡು ಕೂತಿದ್ದರು. ಅವರ ಮಡಿಲಲ್ಲಿ ಒಂದು ತಲೆ, ಅದರ ಮೇಲೆ ಒದ್ದೆ ಬಟ್ಟೆ. ಅಷ್ಟೇ ನನಗೆ ಕಂಡದ್ದು.

ಸಂಜೆಯಾಗುವಾಗ ಆತ ಅಂಗಡಿಗೆ ಬಂದ. ಸುಮಾರು ನಲವತ್ತರ ವಯಸ್ಸು, ಅಂಗಿ ಪಂಚೆಯೆಲ್ಲ ಎಣ್ಣೆ. ಮಧ್ಯಾಹ್ನದಿಂದ ನಾನು ಒಳಗೊಳಗೇ ತಯಾರಿ ಮಾಡಿಕೊಂಡಿದ್ದ ಬೈಗುಳ ಗಂಟಲವರೆಗೆ ಬಂದು ನಿಂತಿತ್ತು. ಆತ ಕೌಂಟರಿನ ಅಂಚು ಹಿಡಿದು, ನಾನು ಏನೂ ಕೇಳದೆಯೇ, "ಡೀಸೆಲ್" ಎಂದ. ಮತ್ತೆ "ಡೀಸೆಲ್ ಎಂಜಿನ್, ಚೇಚಿ" ಎಂದ. ಪಾಠ ಒಪ್ಪಿಸುವವನ ಹಾಗೆ ಅದನ್ನೇ ಇನ್ನೊಮ್ಮೆ ಹೇಳಿ ಕೌಂಟರಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟ.

"ಈಗ ಹೇಳ್ತೀರಾ? ಈಗ?" ಎಂದು ನಾನು ಕೂಗಿದೆ. ಕೂಗಿದ್ದು ಸರಿಯೇ. ಆದರೆ ಕೂಗಿದ ಮೇಲೆ ಯೋಚಿಸಿದೆ. ಆ ಜೀಪು ಹೋದರೆ ಗುಡ್ಡದಿಂದ ಇಳಿಯಲಿಕ್ಕೆ ಅವರಿಗೆ ಬೇರೆ ಏನೂ ಇರಲಿಲ್ಲ, ನೆರೆಯ ಮನೆಗಳಿಗೂ ಅದೇ ದಿಕ್ಕು. ಅಷ್ಟು ವರ್ಷ ಎಲ್ಲರೆದುರು ಹೇಳಿಕೊಂಡು ಬಂದ ಸುಳ್ಳು ಆ ಹೊತ್ತಿಗೂ ತಾನಾಗಿಯೇ ಬಾಯಿಗೆ ಬಂದಿತ್ತು. ಸ್ಟೂಲ್ ಎಳೆದು ಕೂರಲು ಹೇಳಿದೆ. ಪಕ್ಕದಿಂದ ಚಾ ತರಿಸಿದೆ. ಆತ ಕುಡಿಯಲಿಲ್ಲ.

ಪುತ್ತೂರಿನ ಡಾಕ್ಟರು ಮೊದಲು ಕಣ್ಣು ತೊಳೆದು ಮದ್ದು ಹಾಕಿ ಮರುದಿನ ಬೆಳಿಗ್ಗೆ ಮಂಗಳೂರಿಗೆ ಕಳಿಸಿದರು. ದಾರಿಯುದ್ದಕ್ಕೂ ನೀರು ಹಾಕುತ್ತಾ ತಂದದ್ದು ಒಳ್ಳೆಯದಾಯಿತು ಎಂದು ಅವರು ಹೇಳಿದ್ದನ್ನು ಆಮೇಲೆ ಕೇಳಿದೆ. ಬಲಗಣ್ಣು ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಫೋನಿನಲ್ಲಿ ಹೋದ ಹೊತ್ತು ಹೋಗದಿದ್ದರೆ ಅದೂ ಉಳಿಯುತ್ತಿತ್ತೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ, ಆತನಿಗಂತೂ ಇರಲೇ ಇಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ನಾನು ಮೊದಲು ಗುರುತು ಹಿಡಿಯಲಿಲ್ಲ. ಆಕೆಯ ಮುಖ ನಾನು ನೋಡಿದ್ದೇ ಇಲ್ಲವಲ್ಲ. ಸಣ್ಣ ಆಳು, ದೊಡ್ಡ ದನಿ. "ನೀವಾ ಆ ಚೇಚಿ? ಫೋನಿನಲ್ಲಿ ಕೇಳಿದ್ರೆ ಪೊಲೀಸಿನವರ ಹಾಗೆ ಉಂಟು ನಿಮ್ಮ ಸ್ವರ" ಎಂದಾಗಲೇ ಗೊತ್ತಾದದ್ದು. ನಾನು ನಕ್ಕೆ. ನಗಬೇಕೋ ಬೇಡವೋ ಎಂದು ತಿಳಿಯದೆ ನಕ್ಕೆ.

"ಫಿಲ್ಟರ್ ಒಂದು ಬೇಕು. ಡೀಸೆಲ್ ಎಂಜಿನ್ ಹಾಕಿದ ಜೀಪಿಗೆ" ಎಂದಳು. ರಸ್ತೆಗೆ ಕೇಳುವ ಹಾಗೆ ಹೇಳಿದಳು. ಗಂಡ ಹಿಂದೆ ತಿರುಗಿ ಯಾರಾದರೂ ಇದ್ದಾರಾ ಎಂದು ನೋಡಿ, ಆಮೇಲೆ ನೋಡಿದ್ದಕ್ಕೆ ನಾಚಿ ಮುಖ ತಗ್ಗಿಸಿದ.

ನನ್ನ ಬಾಯಿ ರೂಢಿಯಲ್ಲಿ ಕೇಳಿಬಿಟ್ಟಿತು, "ಪೈಪು ಸಣ್ಣದಾ, ದಪ್ಪವಾ?" ಆಕೆ ಹೆಬ್ಬೆರಳು ಎತ್ತಿ ತೋರಿಸಿದಳು. ಮೂವರೂ ನಕ್ಕೆವು.

ಫಿಲ್ಟರ್ ತೆಗೆದು ಕೌಂಟರಿನ ಮೇಲೆ ಇಟ್ಟೆ. ಆಕೆ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಕೈ ಫಿಲ್ಟರಿಗಿಂತ ಸ್ವಲ್ಪ ಮೊದಲೇ ನಿಂತು ಬರೀ ಗಾಳಿಯನ್ನು ಹಿಡಿಯಿತು. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲವಂತೆ. ಆಕೆ ಇನ್ನೊಮ್ಮೆ ಹುಡುಕುವ ಮೊದಲೇ ಗಂಡ ಏನೂ ಮಾತಾಡದೆ, ಎರಡು ಬೆರಳಿನಲ್ಲಿ ಫಿಲ್ಟರನ್ನು ಮೆಲ್ಲಗೆ ದೂಡಿ ಆಕೆಯ ಕೈಯೊಳಗೆ ಸೇರಿಸಿದ. ಅವನ ಕೈಗೆ ಅದು ಆಗಲೇ ರೂಢಿಯಾಗಿತ್ತು.

ಅವರ ಹಿಂದೆ ಇನ್ನೊಬ್ಬ ಗಿರಾಕಿ ನಿಂತಿದ್ದ. "ಜೀಪಿನ ಫಿಲ್ಟರ್ ಒಂದು" ಎಂದ. ನನಗೆ ಕಣ್ಣು ತುಂಬಿ ಅವನ ಮುಖ ಕಾಣುತ್ತಿರಲಿಲ್ಲ. "ಎಂಜಿನ್ ಯಾವುದು?" ಎಂದು ಅವನ ಮೇಲೆ ರೇಗಿದೆ. "ನಿಜ ಹೇಳಿ."